ಮಗ್ಗದ ಕುಣಿಯಲ್ಲಿ ಗೋವಾ

ನಮ್ಮ ಸೋದರಮಾವನಷ್ಟು ದೇಶ ತೋರಿಸಿದ ಮನುಷ್ಯ ಇಡೀ ಗದಗ-ಬೆಟಗೇರಿಯಲ್ಲಿ ಇನ್ನೊಬ್ಬನಿಲ್ಲ! ಗೋವಾ, ಕಾಶ್ಮೀರ, ದೊಡ್ಡ ದೊಡ್ಡ ಹೋಟೆಲು, ಎಲ್ಲವನ್ನೂ ನನ್ನ ಎರಡು ಮಕ್ಕಳಿಗೆ ತೋರಿಸಿದ್ದಾನೆ. ಹಾಗಂತ ಮಾವ ಬೆಟಗೇರಿ ಬಿಟ್ಟು ಹೋದವನೇನಲ್ಲ. ಮಕ್ಕಳೂ ಹೆಚ್ಚಾಗಿ ಮನೆಯ ಹೊಸ್ತಿಲು ದಾಟಿಲ್ಲ. ಹಾಗಾದರೆ ತೋರಿಸಿದ್ದು ಹೇಗೆ ಅಂತೀರಾ? ಮನೆಯಲ್ಲಿ ಸಣ್ಣ ಮಕ್ಕಳಿದ್ದು, ಶಾಲೆಗೆ ಬೇಸಿಗೆಯ ಸೂಟಿ ಬಂದು ತಲೆಯ ಮೇಲೆ ಕೂತು, ಕೈ ಮಾತ್ರ ಖಾಲಿ ಇರುವವರು ಇದನ್ನು ಗಮನವಿಟ್ಟು ಓದಬೇಕು. ಮಾಡಿ ನೋಡಬೇಕೋ ಬೇಡವೋ ಎಂಬುದನ್ನು ಅವರವರ ಮನೆಯ ಹೆಂಗಸರನ್ನು ಕೇಳಿಕೊಂಡರೆ ಒಳ್ಳೆಯದು.

ಮಾವ ನೇಕಾರ. ಮನೆಯಲ್ಲಿ ಮೊದಲು ಎರಡು ಕುಣಿಮಗ್ಗಗಳಿದ್ದವು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ಸೀರೆ ನೇಯುವ ಮಗ್ಗ. ಒಂದರಲ್ಲಿ ಮಾವ, ಇನ್ನೊಂದರಲ್ಲಿ ಅತ್ತೆ. ಅತ್ತೆಯ ಮೊಣಕಾಲುಗಳು ಕೈಕೊಟ್ಟ ಮೇಲೆ ಅವಳ ಮಗ್ಗ ಬಿಚ್ಚಿ ಅಟ್ಟ ಸೇರಿತು. ಕುಣಿಯನ್ನು ಅಟ್ಟಕ್ಕೇರಿಸಲು ಬರುವುದಿಲ್ಲವಲ್ಲ, ಅದು ಅಲ್ಲೇ ಬಾಯಿ ತೆರೆದುಕೊಂಡು ಉಳಿಯಿತು. ಮಾವನ ಗೋವಾ ಹುಟ್ಟಿದ್ದು ಆ ಕುಣಿಯಲ್ಲಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ಬರೀ ನಕ್ಕು ಹೋಗುತ್ತೀರಿ. ಈ ಸೂಟಿಯ ಆಟಗಳೆಲ್ಲ ನನ್ನ ಮಕ್ಕಳಿಗಾಗಿ ಹುಟ್ಟಿದವಲ್ಲ. ಮಾವನಿಗೆ ಒಬ್ಬಳೇ ಮಗಳು, ನನ್ನ ಓರಗೆಯವಳು. ಮುಂಡರಗಿಗೆ ಕೊಟ್ಟಿದ್ದರು. ಅಕ್ಷತಾ ಎಂಬ ಹೆಣ್ಣುಮಗು ಹೆತ್ತು, ಅದಕ್ಕೆ ಮೂರು ತುಂಬುವುದರೊಳಗೆ ಜ್ವರ ಬಂದು ತೀರಿಕೊಂಡಳು. ವರ್ಷ ಕಳೆದ ಮೇಲೆ ಅಳಿಯ ಇನ್ನೊಂದು ಮದುವೆಗೆ ಒಪ್ಪಿಗೆ ಕೇಳಲು ಬಂದ. ಕೇಳುವುದು ಮರ್ಯಾದೆ ಅಂತ ಬಂದಿದ್ದ, ಪಾಪ. ಮಾವನಿಗೆ ಅದು ಮರ್ಯಾದೆಯಾಗಿ ಕಾಣಲಿಲ್ಲ. "ನನ್ನ ಮಗಳ ಜಾಗಾಕ್ಕ ಬರೂ ಹೆಣ್ಣಿನ ಮಾರಿ ಸೈತ ನಾ ನೋಡೂದಿಲ್ಲ" ಅಂದ. ಅಳಿಯನಿಗೂ ಸಿಟ್ಟು ಬಂತು. "ಹಂಗಾರ ನನ್ನ ಮಗಳ ಮಾರೀನೂ ನೋಡಬ್ಯಾಡ್ರಿ" ಅಂದು, ತಾಯಿ ಹೋದಾಗಿನಿಂದ ಅಜ್ಜನ ಮನೆಯಲ್ಲಿದ್ದ ಕೂಸನ್ನು ಎತ್ತಿಕೊಂಡು ಹೋದ. ಆಗ ಅಕ್ಷತಾಗೆ ನಾಲ್ಕು ವರ್ಷ. ಅಂದಿನಿಂದ ಐದು ಬೇಸಿಗೆ ಹೋದವು, ಮೊಮ್ಮಗಳ ಮುಖ ಕಂಡಿಲ್ಲ.

ಆದರೂ ಪ್ರತಿ ವರ್ಷ ಸೂಟಿ ಶುರುವಾದ ದಿನ ಮಾವ ಅಳಿಯನಿಗೆ ಫೋನ್ ಹಚ್ಚುತ್ತಾನೆ. ಅದು ಬಾರಿಸಿ ಬಾರಿಸಿ ಸುಮ್ಮನಾಗುತ್ತದೆ. "ಗದ್ಲದಾಗ ಇರಬೇಕು" ಅನ್ನುತ್ತಾನೆ. ನಾಲ್ಕು ದಿನ ಬಿಟ್ಟು, ಹುಲಕೋಟಿಯಲ್ಲಿರುವ ನನಗೆ ಫೋನು ಬರುತ್ತದೆ: "ಯವ್ವಾ, ನಿನ್ನ ಹುಡುಗ್ರನ್ನರ ಕರ್ಕೊಂಡು ಬಾ. ಮಾಡಿಟ್ಟದ್ದು ದಂಡ ಆಗಬಾರ್ದು." ಹೀಗೆ ಬೇರೆಯವರಿಗೆ ಬಡಿಸಿಟ್ಟ ಎಲೆಗೆ ಕೂತವರು ನನ್ನ ಮಕ್ಕಳು.

ಇನ್ನು ಗೋವಾಕ್ಕೆ ಬರೋಣ. ಬೆಟಗೇರಿಯಲ್ಲಿ ನಳದ ನೀರು ಬರುವುದೆಂದರೆ ಹಬ್ಬ ಬಂದಂತೆ, ಯಾವತ್ತು ಅಂತ ಪಂಚಾಂಗದವರಿಗೂ ಗೊತ್ತಿರುವುದಿಲ್ಲ. ಅಂಥ ನೀರನ್ನು ಮಾವ ಹತ್ತು ಕೊಡ ತಂದು, ನೀರು ಇಂಗದಂತೆ ಕುಣಿಗೆ ತಾಡಪತ್ರಿ ಹಾಸಿ ಸುರಿದ. ಮಕ್ಕಳು ಕುಣಿದಾಡಿದವು. ಅಷ್ಟಕ್ಕೇ ಬಿಟ್ಟಿದ್ದರೆ ಚೆಂದಿತ್ತು. ಸಮುದ್ರ ಅಂದ ಮೇಲೆ ಉಪ್ಪಿರಬೇಡವೇ? ಅಡುಗೆಮನೆಯ ಉಪ್ಪಿನ ಡಬ್ಬಿಯನ್ನೇ ಬೋರಲು ಹಾಕಿದ!

ಅತ್ತೆ ಹಣೆ ಬಡಿದುಕೊಂಡಳು. "ಹುಡುಗ್ರು ಆಡಿದ ಮ್ಯಾಲ ಆ ನೀರಿಲೆ ಅರಿವಿ ಒಗೀತಿದ್ನೆಲ್ರೀ! ಈಗ ಏನ ಮಾಡ್ಲಿ, ಉಪ್ಪಿನಕಾಯಿ ಹಾಕ್ಲೇನು?"

"ಅಕ್ಷವ್ವ ನಾಲಿಗಿ ಹಚ್ಚಿ ನೋಡಿದ್ರ ಸಪ್ಪಗ ಹತ್ತಬಾರ್ದಲೇ" ಅಂದ ಮಾವ. ಆ ಹೆಸರು ಬಂದರೆ ಆ ಮನೆಯಲ್ಲಿ ಜಗಳಗಳು ಅಲ್ಲಿಗೇ ನಿಲ್ಲುತ್ತಿದ್ದವು.

ನೀರಿನ ಆಳ ಅಕ್ಷತಾಳ ನಡುವಿನ ಮಟ್ಟಕ್ಕೆ ಸರಿಯಾಗಿರಬೇಕು, ಹೆಚ್ಚಾಗಬಾರದು, ಕಡಿಮೆಯಾಗಬಾರದು. ಆ ಅಳತೆಗೆ ಸಿಕ್ಕವನು ನನ್ನ ನಾಲ್ಕು ವರ್ಷದ ಮಗ. ಅವನನ್ನು ಕುಣಿಯಲ್ಲಿ ಇಳಿಸುವುದು, ಎತ್ತುವುದು, ಒಂದು ತಂಬಿಗೆ ಹಾಕುವುದು, ಮತ್ತೆ ಇಳಿಸುವುದು. ಹಿಂದೆ ಈ ನೌಕರಿ ನನ್ನ ಮಗಳದಾಗಿತ್ತು. ಅವಳಿಗೆ ಐದು ತುಂಬುತ್ತಲೇ ಮಾವ ಅವಳನ್ನು ಕೆಲಸದಿಂದ ತೆಗೆದುಹಾಕಿದ. "ನೀ ಎತ್ತರ ಆದಿ, ಅಳತಿಗೆ ಬರೂದಿಲ್ಲ" ಅಂದ. ಮಗಳು ಎರಡು ದಿನ ಮುಖ ಊದಿಸಿಕೊಂಡಿದ್ದಳು, ನಾವೆಲ್ಲ ನಕ್ಕೆವು. ಆ ಮಾತು ಕೇಳಿದಾಗಲೇ ನನಗೆ ಹೊಳೆಯಬೇಕಾಗಿತ್ತು. ಹೊಳೆಯಲಿಲ್ಲ.

ಕಾಶ್ಮೀರದ ಕಥೆ ಬೇಗ ಮುಗಿಯುತ್ತದೆ. ಗಾದಿ ಹೊಲಿಯುವವನ ಹತ್ತಿರ ಹಿಂಜಿದ ಅರಳೆ ತಂದು, ಬಾಗಿಲು ಕಿಟಕಿ ಹಾಕಿ, ಫ್ಯಾನಿನ ಕೆಳಗೆ ತೂರಿದ. ಹೊರಗೆ ಬೆಂಕಿಯಂಥ ಬಿಸಿಲು, ಒಳಗೆ ಹಿಮ! ಹಿಮ ಮೂಗಿನಲ್ಲಿ ಹೋಗಿ ಮಕ್ಕಳು ಸೀನಿದವು, ಮಾವ ಕೆಮ್ಮಿದ. ಮೂರು ದಿನ ನಾವು ಸಾರಿನಲ್ಲಿ ಕಾಶ್ಮೀರ ಆರಿಸಿ ತೆಗೆದು ಉಂಡೆವು.

ಹೋಟೆಲು ಇದಕ್ಕಿಂತ ವಾಸಿ. ಮಾವ ಹೆಗಲಿಗೆ ಟವೆಲು ಹಾಕಿಕೊಂಡು ಬಂದು, "ಏನ ಕೊಡ್ಲಿ ಸಾಹೇಬ್ರ? ಮಸಾಲಿ ದ್ವಾಸಿ, ಪೂರಿ, ಇಡ್ಲಿ-ವಡಾ, ಜಾಮೂನು" ಎಂದು ಒಂದೇ ಉಸಿರಿಗೆ ಹೇಳುತ್ತಿದ್ದ. ಮಗ ದೋಸೆ ಅನ್ನುತ್ತಿದ್ದ. "ಅದು ಈಗಷ್ಟ ತೀರಿತ್ರೀ." ಪೂರಿ? "ಎಣ್ಣಿ ಕಾದಿಲ್ರೀ." ಹೀಗೆ ಎಲ್ಲ ತೀರಿ, ಕೊನೆಗೆ ಬರುತ್ತಿದ್ದದ್ದು ಅತ್ತೆ ಕಲಸಿದ ಚುರುಮುರಿಯ ಗಿರ್ಮಿಟ್ಟು. ಮರುದಿನವೂ ಮಗ ಅಷ್ಟೇ ನಂಬಿಕೆಯಿಂದ ದೋಸೆ ಕೇಳುತ್ತಿದ್ದ. ಆ ನಂಬಿಕೆ ನೋಡಿ ನನಗೆ ನಗು ಬರುತ್ತಿತ್ತು. ಆಮೇಲೆ ಫೋನ್ ಹಿಡಿದು ಅಂಗಳದಲ್ಲಿ ನಿಂತ ಮಾವನನ್ನು ನೋಡಿದರೆ ನಗು ಹೋಗುತ್ತಿತ್ತು.

ಹೆಣ್ಣುಮಕ್ಕಳಿಗೆ ಬಸ್ಸು ಫ್ರೀ ಆದ ಮೇಲೆ ಮಾವನ ತಲೆಯಲ್ಲಿ ಇನ್ನೊಂದು ಹುಳ ಹೊಕ್ಕಿತು. ಅತ್ತೆ ಫ್ರೀ, ನಾನು ಫ್ರೀ, ಮಕ್ಕಳು ಫ್ರೀ. ತಾನೊಬ್ಬನೇ ತಿಕೀಟು ತೆಗೆಸಬೇಕು. "ನೀವು ಮುಂಡರಗಿ ತನಕ ಹೋಗಿ ಬರ್ರಿ. ನಾ ಮನ್ಯಾಗ ಕುಂತು ಫೋನಿನ್ಯಾಗ ಎಲ್ಲಾ ತೋರಸ್ತೇನಿ" ಅಂದ! ಬಸ್‌ಸ್ಟ್ಯಾಂಡಿಗೆ ಬಂದೆವು. ಮುಂಡರಗಿ ಬಸ್ಸು ಕಣ್ಣೆದುರೇ ನಿಂತಿತ್ತು. ಅತ್ತೆ ಅದನ್ನು ಒಂದು ಸಲ ನೋಡಿ, ನಮ್ಮನ್ನು ಎಳೆದುಕೊಂಡು ಪಕ್ಕದ ಲಕ್ಷ್ಮೇಶ್ವರ ಬಸ್ಸು ಹತ್ತಿದಳು. "ಆ ಊರಾಗ ನಾ ಇಳ್ಯಾಂಗಿಲ್ಲವಾ. ನನ್ನ ಕೈಲೆ ಆಗೂದಿಲ್ಲ" ಅಂದಳು. ಮಗಳನ್ನು ಮಣ್ಣು ಮಾಡಿ ಬಂದ ಊರದು. ನಾನು ಸೀಟು ಹಿಡಿದೆ.

ಬಸ್ಸು ಊರು ದಾಟುತ್ತಲೇ ಫೋನು ಬಂತು. "ಬಲಕ್ಕ ನೋಡ್ರಿ! ಕಪ್ಪತಗುಡ್ಡ ಬಂತು. ಮ್ಯಾಲ ಕರೆಂಟ್ ಮಾಡೂ ಗಾಳಿ ಫ್ಯಾನು ತಿರಗಾಕತ್ತಾವ, ಹೌದಲ್ಲೋ?" ನಮ್ಮ ಬಲಕ್ಕೆ ಬರೀ ಕರಿ ಹೊಲ, ಅದರಲ್ಲಿ ಒಂದು ಎಮ್ಮೆ.

"ಹೌದ್ರಿ, ಭಾಳ ಛಂದ ತಿರಗಾಕತ್ತಾವ" ಅಂದಳು ಅತ್ತೆ, ಎಮ್ಮೆಯನ್ನು ನೋಡುತ್ತ.

ಲಕ್ಷ್ಮೇಶ್ವರದಲ್ಲಿ ಗುಡಿಯ ಕಟ್ಟೆಯ ಮೇಲೆ ಕೂತು, ಕಟ್ಟಿಕೊಂಡು ಹೋಗಿದ್ದ ರೊಟ್ಟಿ ಬುತ್ತಿ ಉಂಡು, ಮಕ್ಕಳಿಗೆ ಪಾರಿವಾಳ ತೋರಿಸಿ ಸಂಜೆ ಮರಳಿದೆವು. ಮಾವ ಓಣಿಯ ತುದಿಯಲ್ಲೇ ನಿಂತಿದ್ದ. ಗುಡ್ಡದ ಸುದ್ದಿ ಕೇಳಲಿಲ್ಲ, ಫ್ಯಾನಿನ ಸುದ್ದಿ ಕೇಳಲಿಲ್ಲ. ಅತ್ತೆಯ ಹತ್ತಿರ ಬಂದು ಮೆಲ್ಲಗೆ ಕೇಳಿದ, "ಎಲ್ಲೆರ ಕಂಡ್ಲೇನು?"

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡಳು. "ಇಲ್ರೀ. ಬಿಸಲಾಗ ಯಾವ ಹುಡುಗ್ರೂ ಹೊರಗ ಇರ್ಲಿಲ್ಲ."

ಈ ವರ್ಷ ಮಾತ್ರ, ಯಾರೂ ನೆನೆಸದ ಒಂದು ದಿನ, ಅತ್ತೆಗೆ ಫೋನು ಬಂತು. ಅಳಿಯನದಲ್ಲ, ಅವನ ಹೆಂಡತಿಯದು. "ಹುಡುಗಿ ಅಜ್ಜನ ಮನಿ, ಅಜ್ಜನ ಮನಿ ಅಂತ ಹಟ ಹಿಡದಾಳ್ರಿ. ಇವ್ರನ್ನ ನಾನ ಒಪ್ಪಿಸೇನಿ. ಐತವಾರ ಗದಗ ಬಸ್‌ಸ್ಟ್ಯಾಂಡಿಗೆ ತಂದು ಬಿಡ್ತೇನಿ. ಮನಿಗೆ ನಾ ಬರೂದಿಲ್ರಿ." ಇಷ್ಟು ಹೇಳಿ ಇಟ್ಟುಬಿಟ್ಟಳಂತೆ.

ಮಾವ ಮೂರು ದಿನ ನಿದ್ದೆ ಮಾಡಲಿಲ್ಲ. ಕುಣಿಗೆ ಹೊಸ ತಾಡಪತ್ರಿ ಬಂತು. ನನ್ನ ಮಗ ಕುಣಿಯಲ್ಲಿ ಎಷ್ಟು ಸಲ ಇಳಿದು ಎದ್ದನೋ! ಐತವಾರ ಮುಂಜಾನೆ ಬಸ್‌ಸ್ಟ್ಯಾಂಡಿಗೆ ಹೋಗಲು ಮಾವನ ಕಾಲು ಏಳಲಿಲ್ಲ. ಆ ಹೆಣ್ಣಿನ ಮುಖ ನೋಡುವುದಿಲ್ಲ ಅಂದ ಮಾತು ಇತ್ತಲ್ಲ. ನನ್ನನ್ನು ಕಳಿಸಿದ.

ನನಗಿಂತ ಸಣ್ಣ ವಯಸ್ಸಿನ ಹೆಂಗಸು. ಕಂಕುಳಲ್ಲಿ ಒಂದು ಗಂಡುಮಗು, ಪಕ್ಕದಲ್ಲಿ ಎರಡು ಜಡೆಯ ಹುಡುಗಿ. ಮನೆಗೆ ಬಾ ಎಂದು ಕರೆದೆ. "ಬ್ಯಾಡ್ರಿ ಅಕ್ಕಾರ. ಹಿರ್ಯಾರ ಮನಸ್ಸು ಯಾಕ ಕೆಡಸೂದು? ಐದಕ್ಕ ಇಲ್ಲೇ ತಂದು ಬಿಡ್ರಿ" ಅಂದಳು. ಊರಲ್ಲಿ ಯಾರಾದರೂ ಬಳಗದವರ ಮನೆಗೆ ಹೋಗುತ್ತಾಳೆ ಅಂದುಕೊಂಡು ನಾನು ಹುಡುಗಿಯ ಕೈ ಹಿಡಿದು ಬಂದೆ.

ಮಾವ ಬಾಗಿಲಲ್ಲಿ ಅರ್ಧ ಬಗ್ಗಿ ನಿಂತಿದ್ದ, ಸಣ್ಣ ಕೂಸನ್ನು ಎತ್ತಿಕೊಳ್ಳುವವರ ಹಾಗೆ, ಎರಡೂ ಕೈ ಮುಂದೆ ಮಾಡಿ. ಹುಡುಗಿ ಎದುರು ಬಂದು ನಿಂತಳು. ಮಾವ ಅವಳ ಪಕ್ಕದಿಂದ ಹಣಿಕಿ ನನ್ನ ಬೆನ್ನ ಹಿಂದೆ ನೋಡಿದ.

"ಅಕ್ಷವ್ವ ಎಲ್ಲಿ?"

"ನಾನ ಅಜ್ಜಾ" ಅಂದಳು ಹುಡುಗಿ.

ಒಂಬತ್ತು ವರ್ಷದ ಹುಡುಗಿ ಅವನ ಎದೆಯ ಮಟ್ಟಕ್ಕೆ ಬರುತ್ತಿದ್ದಳು. ಮಾವನ ಕೈಗಳು ಹಾಗೆಯೇ ಉಳಿದವು. ಐದು ವರ್ಷ ಆಟ ಹೂಡಿದ್ದು ನಾಲ್ಕು ವರ್ಷದ ಕೂಸಿಗೆ! ಆ ಕೂಸು ಬೆಳೆಯುತ್ತದೆ ಎಂಬುದು ಅವನಿಗಷ್ಟೇ ಅಲ್ಲ, ನಮಗ್ಯಾರಿಗೂ ಹೊಳೆದಿರಲಿಲ್ಲ. ಅತ್ತೆ ಒಳಗೆ ಹೋಗಿ ಒಲೆಯ ಮುಂದೆ ಕೂತು ಅತ್ತಳು. ನನಗೂ ಅಳು ತಡೆಯಲಾಗಲಿಲ್ಲ.

ಹುಡುಗಿ ಜಾಣೆ. ಎಲ್ಲವನ್ನೂ ನೋಡಿದಳು. ಗಿರ್ಮಿಟ್ಟು ತಿಂದಳು. ಗೋವಾದಲ್ಲಿ ಇಳಿದಳು. ನೀರು ಅವಳ ಮೊಣಕಾಲಿನ ಮೇಲಷ್ಟೇ ಬಂತು, ಕೂರಲು ಹೋದರೆ ಕಾಲಿಗೆ ಜಾಗ ಸಾಲಲಿಲ್ಲ. ಆದರೂ ಲಂಗ ಎತ್ತಿ ಹಿಡಿದು ನಿಂತು, "ಛಲೋ ಐತಿ ಅಜ್ಜಾ" ಅಂದಳು. ಮಾವ ಗೋಡೆಗೆ ಒರಗಿ ಕೂತಿದ್ದ.

ಅವನನ್ನು ಸಮಾಧಾನ ಮಾಡಬೇಕು ಅಂತಲೋ ಏನೋ, ಹುಡುಗಿಯೇ ಮುಂದುವರಿಸಿದಳು. "ನಮ್ಮ ತಮ್ಮಗ ಇದು ಬರೋಬ್ಬರಿ ಆಗ್ತೈತಿ ಅಜ್ಜಾ. ಅವಗ ಮೂರು ತುಂಬಿ ನಾಕರಾಗ ಬಿದ್ದೈತಿ. ನೀರಂದ್ರ ಭಾಳ ಸೇರ್ತೈತಿ ಅವಗ."

ಮಾವ ತಲೆ ಎತ್ತಿ ಕೇಳಿದ. "ಎಲ್ಲದಾನ ಅವ?"

"ಬಸ್‌ಸ್ಟ್ಯಾಂಡಿನ್ಯಾಗ. ಅವ್ವನ ಕೂಡ."

"ಮುಂಜಾನಿಯಿಂದನೂ?"

"ಹೂಂ. ಊರಿಗೆ ಹೋಗಿ ಹೊಳ್ಳಿ ಬರೂದ್ರಾಗ ಬಸ್ ತಪ್ಪಿದ್ರ ನಾ ಅಳ್ತೇನಂತ. ಅದಕ್ಕ ಅಲ್ಲೇ ಕುಂತಾಳ. ಬುತ್ತಿ ತಂದಾಳ."

ಮಧ್ಯಾಹ್ನ ಎರಡಾಗಿತ್ತು. ಹೊರಗೆ ಓಣಿಯಲ್ಲಿ ಒಂದು ನಾಯಿಯೂ ಇರಲಿಲ್ಲ. 'ಅವ್ವ' ಎಂಬ ಮಾತಿಗೆ ಮಾವ ಸಿಡಿಯುತ್ತಾನೆ ಅಂದುಕೊಂಡೆ. ಮಾವ ಎದ್ದ. ಗೂಟದ ಮೇಲಿನ ಅಂಗಿ ತೊಟ್ಟ. ಗುಂಡಿ ಮೇಲೆ ಕೆಳಗೆ ಆದವು. ನಾನೇ ಹೋಗಿ ಕರೆದುಕೊಂಡು ಬರುತ್ತೇನೆ ಎಂದೆ. "ಬ್ಯಾಡವಾ, ಅಂದಾಂವ ನಾನು. ನಾನ ಹೋಗಬೇಕು" ಅಂದ.

ಅಂಗಳ ದಾಟಿದವನು ತಿರುಗಿ ಬಂದ. ಐದು ವರ್ಷದಲ್ಲಿ ಒಮ್ಮೆಯೂ ಕೇಳದಿದ್ದ ಮಾತನ್ನು, ಬಾಗಿಲ ಚೌಕಟ್ಟು ಹಿಡಿದುಕೊಂಡು, ತಲೆ ತಗ್ಗಿಸಿ ಕೇಳಿದ.

"ಅಕ್ಷವ್ವಾ, ನಿಮ್ಮವ್ವನ ಹೆಸರೇನವಾ? ಅಷ್ಟು ಮಂದ್ಯಾಗ ಏನಂತ ಕೂಗ್ಲಿ?"

ಹುಡುಗಿ ನೀರಿನಿಂದ ಎದ್ದು ಬಂದಳು. "ಹೆಸರು ಹಿಡದು ಯಾರೂ ಕೂಗಂಗಿಲ್ಲ ಅಜ್ಜಾ. ಅಕ್ಷೂನವ್ವಾ ಅನ್ನು, ಹೊಳ್ಳಿ ನೋಡ್ತಾಳ."

ಮಾವ ಆ ಮಾತನ್ನು ಬಾಯೊಳಗೇ ಒಂದು ಸಲ ಅಂದು ನೋಡಿಕೊಂಡು, ಚಪ್ಪಲಿ ಮೆಟ್ಟಿ ಬಿಸಿಲಿಗಿಳಿದ.