ಕಾಲಲ್ಲಿ ಒತ್ತಬಾರದ ಪೆಡಲು

ಹನಕೆರೆಯ ಮದುವೆಯಲ್ಲಿ ಹುಡುಗನ ತಾತ ಅಕ್ಷತೆ ಹಿಡಿದು ಆಶೀರ್ವಾದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಪ್ರೀತಮನ ಬೇಸ್ ಗಿಟಾರು "ಧೂಂ" ಅಂದಿತು. ಅವನೇನೋ ತಂತಿ ಬಿಗಿ ಮಾಡುತ್ತಿದ್ದ, ಅಷ್ಟೆ. ತಾತ ಅಕ್ಷತೆಯನ್ನೆಲ್ಲ ನೆಲಕ್ಕೆ ಚೆಲ್ಲಿ, "ಟ್ರಾನ್ಸ್‌ಫಾರ್ಮರ್ ಓಯ್ತೇನ್ಲಾ?" ಎಂದರು.

ಆರ್ಕೆಸ್ಟ್ರಾ ಯಜಮಾನ ಸಿದ್ದರಾಮು ಅಲ್ಲೇ ಹೇಳಿಬಿಟ್ಟ: "ನೋಡ್ಲಾ, ಇನ್ನೊಂದ್ಸಲ ಇಂಗೆ ಮಧ್ಯದಲ್ಲಿ ಗುಡುಗುದ್ರೆ ನಿನ್ನ ಬುಟ್‌ಬುಡ್ತೀನಿ. ಕೀಬೋರ್ಡಲ್ಲೇ ಬೇಸು ಬತ್ತದೆ."

ಮುಂದಿನ ಕಾರ್ಯಕ್ರಮ ಮಳವಳ್ಳಿಯ ರಿಸೆಪ್ಷನ್ನು. ಗಿಟಾರಿನ ಬಾಯಿ ಮುಚ್ಚಿಸಲು ಕಾಲಲ್ಲಿ ಒತ್ತುವ ಪೆಡಲೊಂದನ್ನು ಕೊಳ್ಳೋಣವೆಂದು ಆ ದಿನ ಬೆಳಿಗ್ಗೆಯೇ ಪ್ರೀತಂ ಮದ್ದೂರಿನಿಂದ ಮಂಡ್ಯದ ಬಸ್ಸು ಹತ್ತಿದ. ಪಕ್ಕದ ಮನೆಯ ಕೆಂಪಸಿದ್ದಯ್ಯ ಕರೆಯದೆಯೇ ಜೊತೆಗೆ ಹೊರಟರು. ಒಂದು ಕಾಲದಲ್ಲಿ ನಾಟಕಗಳಿಗೆ ಲೆಗ್ ಹಾರ್ಮೋನಿಯಂ ತುಳಿದವರು; ಅವರನ್ನು ಕೇಳದೆ ಬೀದಿಯಲ್ಲಿ ಯಾರೂ ಒಂದು ಪೀಪಿ ಕೊಳ್ಳುವಂತಿರಲಿಲ್ಲ.

ಮಂಡ್ಯದ ವಾದ್ಯದಂಗಡಿಯ ಅಜ್ಮತ್ ಮೊದಲು ತೆಗೆದಿಟ್ಟ ಪೆಡಲಿಗೆ ಹನ್ನೆರಡು ತಿರುಪು, ನಾಲ್ಕು ಬಣ್ಣದ ದೀಪ.

"ಇದ್ನೇ ತಕೊಳ್ಳಾ, ದೀಪಾವಳಿ ಇದ್ದಂಗದೆ," ಎಂದರು ಕೆಂಪಸಿದ್ದಯ್ಯ.

"ನಂಗೆ ದೀಪ ಬ್ಯಾಡ ಮಾವ. ಒತ್ತುದ್ರೆ ಗಿಟಾರು ಸುಮ್ಕಾಗ್ಬೇಕು, ಇನ್ನೊಂದ್ಸಲ ಒತ್ತುದ್ರೆ ಮಾತಾಡ್ಬೇಕು."

ಅಜ್ಮತ್ ಮೂಲೆಯಿಂದ ಇನ್ನೊಂದು ತಂದ. ಸೋಪಿನ ಡಬ್ಬಿಯಷ್ಟು ಕಬ್ಬಿಣ, ಮೇಲೊಂದೇ ಗುಂಡಿ. "ಈ ಕಡೆ ವೈರು ಒಳಗೆ, ಆ ಕಡೆ ಹೊರಗೆ. ಇದ್ರಲ್ಲಿ ಕೆಡೋದಕ್ಕೇ ಏನೂ ಇಲ್ಲ ಭಾಯ್."

"ಬೋಳು ತಲೆಗೆ ಮಳೆ ಒಡ್ದಂಗದೆ," ಎಂದು ಕೆಂಪಸಿದ್ದಯ್ಯ ಮುಖ ತಿರುಗಿಸಿದರು. ಪ್ರೀತಂ ಅದನ್ನೇ ಕೊಂಡ.

ಮನೆಗೆ ಬಂದು ಕೈಕಾಲು ತೊಳೆದು ನೋಡುತ್ತಾನೆ, ಪೆಡಲು ದೇವರ ಮುಂದೆ ಕೂತಿದೆ. ಅರಿಶಿನ, ಕುಂಕುಮ, ಮೇಲೊಂದು ಸೇವಂತಿಗೆ. ತಾಯಿ ಪುಟ್ಟಮಾದಮ್ಮ ಕರ್ಪೂರ ಬೆಳಗಿ ಮುಗಿಸಿದ್ದಳು. ಪ್ರೀತಂ ಅದನ್ನು ನೆಲಕ್ಕಿಟ್ಟು ಕಾಲೆತ್ತಿದ.

"ಅಯ್ಯೋ ಪಾಪಿ! ಪೂಜೆ ಮಾಡಿರದ್ನ ತುಳೀತೀಯೇನ್ಲಾ? ಇದ್ಯೆ ಕಣ್ಲಾ ಅದು, ಸರಸೋತಿ!"

"ಅವ್ವಾ, ಅದು ಇರದೇ ತುಳಿಯಾಕೆ!"

ಕೆಂಪಸಿದ್ದಯ್ಯ ಅಡ್ಡ ಬಂದರು. "ತುಳೀಲಿ ಬುಡಮ್ಮ. ಮೂವತ್ತು ವರ್ಸ ನಾನು ಆರ್ಮೋನಿಯ ತುಳಿದಿಲ್ವಾ?"

"ಅದ್ಕೇಯ ನಿಮ್ಗೆ ಮಂಡಿನೋವು ಬಂದಿರದು!"

ಕೆಂಪಸಿದ್ದಯ್ಯ ಮಂಡಿ ನೀವಿಕೊಂಡು ಒಂದು ಗಳಿಗೆ ಯೋಚಿಸಿದರು. "ಇದ್ರೂ ಇರ್ಬೋದು. ತುಳೀಬ್ಯಾಡ ಕಣ್ಲಾ."

"ಎರಡು ಕೈಯೂ ಗಿಟಾರ್ ಮೇಲೆ ಇರ್ತವೆ. ಮೂಗಲ್ಲಿ ಒತ್ಲಾ?"

"ನಾನೇ ಬತ್ತೀನಿ," ಎಂದಳು ಪುಟ್ಟಮಾದಮ್ಮ. "ನೀನು ತಲೆ ಆಡ್ಸು, ನಾನು ಕೈಲಿ ಒತ್ತುತೀನಿ."

ಸಂಜೆ ಮಳವಳ್ಳಿಯ ವೇದಿಕೆಯ ಮೇಲೆ ಸ್ಟೂಲು, ಸ್ಟೂಲಿನ ಮೇಲೆ ಕೆಂಪು ಬಟ್ಟೆ, ಬಟ್ಟೆಯ ಮೇಲೆ ಪೆಡಲು. ಪಕ್ಕದಲ್ಲಿ ರೇಷ್ಮೆ ಸೀರೆಯುಟ್ಟ ಪುಟ್ಟಮಾದಮ್ಮ, ಮೊಟ್ಟೆಗೆ ಕಾವು ಕೊಡುವ ಕೋಳಿಯ ಹಾಗೆ. ಹಾಡು ಮುಗಿಯಿತು, ಪ್ರೀತಂ ತಲೆಯಾಡಿಸಿದ, ಅವಳು ಒತ್ತಿದಳು. ಅವನು ತಂತಿ ಬಿಗಿ ಮಾಡಿದ್ದು ಸೊಳ್ಳೆಗೂ ಕೇಳಲಿಲ್ಲ. ಸಿದ್ದರಾಮು ತಿರುಗಿ ನೋಡಿ ಹುಬ್ಬು ಹಾರಿಸಿದ. ಪ್ರೀತಮನ ಜೀವ ತಣ್ಣಗಾಯಿತು.

ನಾಲ್ಕನೇ ಹಾಡಿಗೆ ಹುಡುಗನ ಸೋದರಮಾವ ಬಂದು ಮೈಕು ಕಿತ್ತುಕೊಂಡ. ಪಂಚರಾದ ಟ್ರಾಕ್ಟರಿನಂಥ ಗಂಟಲು. ಒಂದು ಹಾಡಿದ, ಎರಡು ಹಾಡಿದ, ಮೂರನೆಯದಕ್ಕೆ ಕೆಮ್ಮಿ ಗಂಟಲು ಸರಿಮಾಡಿಕೊಂಡ. ಬೀಗರ ಕಡೆಯವನು, "ಇಳಿಯಯ್ಯ" ಎಂದು ಯಾರೂ ಅನ್ನುವಂತಿಲ್ಲ. ಹುಡುಗಿ ಕಡೆಯವರು ಒಬ್ಬೊಬ್ಬರೇ ಎದ್ದು ಊಟದ ಹಾಲಿಗೆ ನುಸುಳಿದರು.

ಸಿದ್ದರಾಮು ಮೆಲ್ಲಗೆ ಹಿಂದಿನಿಂದ ಬಂದ. ಪೆಡಲಿನಿಂದ ಗಿಟಾರಿನ ವೈರು ಎಳೆದು, ಆ ತೂತಿಗೆ ಮೈಕಿನ ವೈರು ಸಿಕ್ಕಿಸಿದ.

"ಅವ್ವಾ, ಒಂದ್ಸಲ ಒತ್ತು," ಎಂದು ಪಿಸುಗುಟ್ಟಿದ.

ಪುಟ್ಟಮಾದಮ್ಮ ಒತ್ತಿದಳು. ಸೋದರಮಾವನ ಬಾಯಿ ಕೆರೆಯ ಮೀನಿನಂತೆ ತೆರೆದು ಮುಚ್ಚಿತು, ಸದ್ದಿಲ್ಲ. ಮೈಕನ್ನು ಕುಟ್ಟಿದ, ಊದಿದ, ಕೊನೆಗೆ ಕರೆಂಟಿಗೆ ಬೈದು ಕೆಳಗಿಳಿದ. ಹಾಲಿಗೆ ಹಾಲೇ ಚಪ್ಪಾಳೆ ಹೊಡೆಯಿತು. ಅದು ತನಗೇ ಎಂದುಕೊಂಡು ಅವನು ಕೈಮುಗಿದ.

ಸಾಮಾನು ಕಟ್ಟುವಾಗ ಸಿದ್ದರಾಮು ಬಂದ. "ಇವತ್ತು ಒಂದ್ಸಲಾನೂ ಧೂಂ ಅನ್ನಲಿಲ್ಲ ಕಣ್ಲಾ."

"ಅಂಗಾರೆ ನನ್ ಜಾಗ..."

"ಅದ್ನೇ ಏಳಕ್ ಬಂದೆ. ನಾಳೆ ಬಸರಾಳಲ್ಲಿ ಮದ್ವೆ. ಸೋದರಮಾವಂದಿರೇ ಮೂರು ಜನ ಅವ್ರಂತೆ. ಪೆಡಲು ಬೇಕು, ಅವ್ವನೂ ಬೇಕು. ವ್ಯಾನಲ್ಲಿ ಇರದು ಒಂದೇ ಸೀಟು. ಬೇಸು ಕೀಬೋರ್ಡಲ್ಲೇ ಬತ್ತದೆ ಬುಡು."

ಪ್ರೀತಂ ದಂಗಾಗಿ ತಾಯಿಯ ಕಡೆ ತಿರುಗಿದ. "ಅವ್ವಾ, ನೀನಾದ್ರೂ ಒಂದ್ ಮಾತು..."

ಪುಟ್ಟಮಾದಮ್ಮ ಮಗನ ಮುಖ ನೋಡುತ್ತಲೇ ಪೆಡಲಿನ ಗುಂಡಿಯನ್ನು ಟಕ್ಕೆಂದು ಒತ್ತಿ, ಸಿದ್ದರಾಮುವಿನ ಕಡೆ ತಿರುಗಿದಳು.

"ಬೆಳಿಗ್ಗೆ ಎಷ್ಟೊತ್ಗಪ್ಪ ವ್ಯಾನು?"