ಮಾಸ್ತರರೇ ಕೇಳಿದರೂ ಹೇಳಬಾರದ ನಂಬರು

ಪಾರಿಸ ಮಾಸ್ತರರ ಕಷ್ಟಕ್ಕೆಲ್ಲ ಮೂಲ ಅವರ ಅಂದವಾದ ಸಹಿ. ಕೆಲವು ವರ್ಷಗಳ ಹಿಂದೆ ಸದಲಗಾ ಹತ್ತಿರದ ಅವರ ಹೈಸ್ಕೂಲಿಗೆ ಕಂಪ್ಯೂಟರ್ ಹೊತ್ತ ಟೆಂಪೊ ಬಂದಾಗ ಉಳಿದ ಮಾಸ್ತರರೆಲ್ಲ ಊಟಕ್ಕೆ ಹೋಗಿದ್ದರು. ಹಿಂದಿ ಕಲಿಸುವ ಪಾರಿಸ ಮಾಸ್ತರರೊಬ್ಬರೇ ಹಲ್ಲುನೋವೆಂದು ಗಲ್ಲ ಹಿಡಿದುಕೊಂಡು ಕೂತಿದ್ದರು. ಟೆಂಪೊದವನು ಕಾಗದ ಚಾಚಿದ, ಇವರು ಸಹಿ ಹಾಕಿದರು. ನಮ್ಮ ಕಡೆಯ ಶಾಲೆಗಳಲ್ಲಿ ಯಾವ ವಸ್ತುವನ್ನು ಯಾರು ಸಹಿ ಮಾಡಿ ಇಳಿಸಿಕೊಂಡರೋ ಅದು ಅವರ ಕೊರಳಿಗೇ ಬೀಳುತ್ತದೆ. ಅಂದಿನಿಂದ ಕಂಪ್ಯೂಟರ್ ಕೋಣೆ, ಇಂಟರ್ನೆಟ್ಟು, ಮಕ್ಕಳ ಆನ್‌ಲೈನ್ ಸುರಕ್ಷತೆ, ಹೆಡ್‌ಮಾಸ್ತರರ ಮೊಬೈಲಿನ ರಿಂಗ್‌ಟೋನು ಎಲ್ಲವೂ ಅವರ ಪಾಲಾದವು. ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದರೂ ಬಿಡದೆ, "ಸರ, ನನ್ನ ಫೋನ ಭಾಳ ಗರಂ ಆಗತೈತ್ರಿ" ಎಂದು ಜನ ಜ್ವರ ಬಂದ ಕೂಸನ್ನು ಡಾಕ್ಟರ ಕೈಗೆ ಕೊಡುವಂತೆ ಕೊಡುತ್ತಿದ್ದರು.

ಆ ಶುಕ್ರವಾರ ಬೆಳಿಗ್ಗೆ ಹೆಡ್‌ಮಾಸ್ತರ್ ಗಂಗಾರಾಮರು ಅವರನ್ನು ಕರೆದು ಕೂಡಿಸಿದರು.

"ಪಾರಿಸ, ಮಕ್ಕಳ ಸ್ಕಾಲರ್‌ಶಿಪ್ಪಿನ ಕೆಲಸ ಇವತ್ತ ಐದರೊಳಗ ಮುಗೀಬೇಕು. ಪಾಲಕರ ಫೋನಿಗೆ ಓಟಿಪಿ ಬರತೈತಿ, ಕೇಳಿ ಕೇಳಿ ಕಂಪ್ಯೂಟರಿನ್ಯಾಗ ಹಾಕಿಬಿಡ್ರಿ. ಇದೊಂದ ಮುಗಿಸಿದ್ರ ನಿಮ್ಮ ಕಂಪ್ಯೂಟರ ಚಾರ್ಜ ತಗದು ನಾಜಿಮಾ ಟೀಚರಿಗೆ ಕೊಡತೀನಿ ಅಂತ ಚಿಕ್ಕೋಡಿ ಶಿಕ್ಷಣ ಆಫೀಸಿನ ಸಾಹೇಬರು ಮಾತ ಕೊಟ್ಟಾರ."

ನಾಜಿಮಾ ಟೀಚರು ಜೂನಿನಲ್ಲಷ್ಟೇ ಬಂದ ವಿಜ್ಞಾನದ ಶಿಕ್ಷಕಿ. ಕಂಪ್ಯೂಟರೆಂದರೆ ಅವರಿಗೆ ಆಟದ ಸಾಮಾನು. ಪಾರಿಸ ಮಾಸ್ತರರಿಗೆ ಅಳು ಬರುವಷ್ಟು ಸಂತೋಷವಾಯಿತು. ಇಂದು ಸಂಜೆಯಿಂದ ತಾವು ಬರೀ ಹಿಂದಿ ಮಾಸ್ತರ! ಅವರು ಕಂಪ್ಯೂಟರ್ ಮುಂದೆ ಕೂತು ಮೊದಲ ಹೆಸರು ಒತ್ತಿದರು: ಎಂಟನೆಯ ತರಗತಿಯ ನೀಲಮ. ಓಟಿಪಿ ಅವಳ ಅಜ್ಜಿ ಸುಂದ್ರವ್ವನ ಫೋನಿಗೆ ಹೋಯಿತು. ಮಾಸ್ತರರು ಸುಂದ್ರವ್ವನಿಗೆ ಫೋನು ಹಚ್ಚಿದರು.

"ಆಯಿ, ನಾನ್ರಿ, ಪಾರಿಸ ಮಾಸ್ತರ. ನಿಮ್ಮ ಫೋನಿಗೆ ಒಂದ ನಂಬರ ಬಂದೈತಲ್ಲ, ಜರಾ ಹೇಳ್ರಿ."

ಆ ಕಡೆಯಿಂದ ಸುಂದ್ರವ್ವ ಸಿಡಿದಳು: "ಲೇ ಭಾಡ್ಯಾ! ನಮ್ಮ ಮಾಸ್ತರನ ದನಿ ಹ್ಯಾಂಗ ತಗದಾನ ನೋಡು! ನಿನ್ನ ಬಾಯಾಗ ಮಣ್ಣ ಹಾಕಲಿ, ಇಡು ಫೋನ!"

ಸುಂದ್ರವ್ವನ ತಪ್ಪೇನೂ ಇರಲಿಲ್ಲ. ಹೋದ ವಾರವಷ್ಟೇ ಮೇಲಿನವರ ಆದೇಶದಂತೆ ಶಾಲೆಯಲ್ಲಿ ಸುರಕ್ಷತಾ ಸಪ್ತಾಹ ನಡೆದಿತ್ತು. ಪಾಲಕರ ಮುಂದೆ ಪಾರಿಸ ಮಾಸ್ತರರು ಮೈಕು ಹಿಡಿದು, ಓಟಿಪಿ ಕೇಳುವ ಕಳ್ಳರು ಹೇಗೆ ಆಫೀಸಿನ ಹೆಸರು ಹೇಳುತ್ತಾರೆ, ಹೇಗೆ ಗಡಿಬಿಡಿ ಮಾಡುತ್ತಾರೆ ಎಂದು ನಟನೆ ಮಾಡಿ ತೋರಿಸಿದ್ದರು. ಚಪ್ಪಾಳೆ ಬಿತ್ತು. ಚಪ್ಪಾಳೆ ಬಿದ್ದರೆ ಮಾಸ್ತರರ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. "ಯಾರ ಕೇಳಿದ್ರೂ ಹೇಳಬ್ಯಾಡ್ರಿ! ಪೊಲೀಸರ ಕೇಳಿದ್ರೂ ಹೇಳಬ್ಯಾಡ್ರಿ! ನಾನಽ ಬಂದ ಕೇಳಿದ್ರೂ ಹೇಳಬ್ಯಾಡ್ರಿ!" ಎಂದುಬಿಟ್ಟರು. ಅಷ್ಟು ಸಾಲದೆಂದು ಮಕ್ಕಳ ಬಲಗೈ ಮುಂದೆ ಚಾಚಿಸಿ ಅದನ್ನೇ ಪ್ರತಿಜ್ಞೆಯಾಗಿ ಹೇಳಿಸಿದ್ದರು.

ಎರಡನೆಯ ಫೋನಿಗೆ ಹಾಲಿನ ಡೇರಿಯ ಭರಮು ಸಿಕ್ಕ. ಅವನು ಬೈಯಲಿಲ್ಲ, ನಯವಾಗಿ "ತಡೀರಿ ಸರ, ಚಷ್ಮಾ ತರತೀನಿ" ಎಂದು ಫೋನಿಟ್ಟ. ಚಷ್ಮಾ ಬರಲಿಲ್ಲ. ಬಂದದ್ದು ಊರಿನ ವಾಟ್ಸಾಪ್ ಗುಂಪಿನಲ್ಲಿ ಒಂದು ಎಚ್ಚರಿಕೆ: ಪಾರಿಸ ಮಾಸ್ತರರ ದನಿಯಲ್ಲಿ ಮಾತನಾಡುವ ಕಳ್ಳನೊಬ್ಬ ಹುಟ್ಟಿಕೊಂಡಿದ್ದಾನೆ, ಹುಷಾರು. ಅದೇ ಸುದ್ದಿ ಗಡಿಯಂಚಿನ ಏಕಸಂಬಿಗೆ ಹೋಗಿ ಮರಾಠಿಯಲ್ಲಿ ತಿರುಗಿ ಬಂತು. ಅದರಲ್ಲಿ ಕಳ್ಳನಿಗೆ ಗಡ್ಡವೂ ಒಂದು ಜೀಪೂ ಸೇರಿದ್ದವು. ಮಾಸ್ತರರ ಹೆಂಡತಿ ರಾಜಮತಿಯೂ ಅದನ್ನು ಗಂಡನಿಗೇ ಕಳಿಸಿ, ನಿಮ್ಮ ದನಿಯಲ್ಲಿ ಯಾರಾದರೂ ಫೋನು ಮಾಡಿದರೆ ಎತ್ತಬೇಡಿ ಎಂದು ಬರೆದಿದ್ದಳು.

ಫೋನಿನ ಆಸೆ ಬಿಟ್ಟು ಮಾಸ್ತರರು ಬೈಕು ಹತ್ತಿ ಸುಂದ್ರವ್ವನ ಮನೆಗೇ ಹೋದರು. ಬಾಗಿಲಲ್ಲಿ ನೀಲಮ ಎರಡೂ ಕೈ ಚಾಚಿ ನಿಂತಿದ್ದಳು.

"ಏ ನೀಲಮ, ಇವತ್ತ ಸಾಲಿಗೆ ಯಾಕ ಬಂದಿಲ್ಲ?"

"ಫೋನ ಕಾಯಾಕತ್ತೀನ್ರಿ ಸರ. ಕಳ್ಳ ಬರತಾನಂತ."

ಒಳಗಿನಿಂದ ಸುಂದ್ರವ್ವ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು. ಮಾಸ್ತರರನ್ನು ಮೇಲಿಂದ ಕೆಳಗೆ ನೋಡಿ, ನೀಲಮಳಿಗೆ ಚಹಾಕ್ಕೆ ಇಡಲು ಹೇಳಿದಳು. ಅಲ್ಲಿಗೆ ಇವರು ಖರೇ ಮಾಸ್ತರ ಎಂದು ಒಪ್ಪಿದಂತಾಯಿತು.

"ಆಯಿ, ಈಗರ ನಂಬರ ಹೇಳ್ರಿ."

"ಮಾಸ್ತರಗೂ ಹೇಳಬ್ಯಾಡ ಅಂತ ಮಾಸ್ತರ ಹೇಳ್ಯಾರಲ್ರಿ?"

"ಆ ಮಾಸ್ತರ ನಾನಽ ಅಲ್ಲೇನು?"

"ಹೌದಲ್ರಿ. ಅದಕ್ಕಽ ನಿಮ್ಮ ಮಾತ ಮುರಿಯಾಕ ನನಗ ಮನಸ ಬರವಲ್ದು" ಎಂದಳು ಸುಂದ್ರವ್ವ, ಬಹಳ ಮರ್ಯಾದೆಯಿಂದ.

ಮಾಸ್ತರರು ಊರೆಲ್ಲ ತಿರುಗಿದರು. ಎಲ್ಲ ಕಡೆ ಚಹಾ ಸಿಕ್ಕಿತು, ಓಟಿಪಿ ಸಿಗಲಿಲ್ಲ. ಹೊಟ್ಟೆಯಲ್ಲಿ ಚಹಾ ಕುಲುಕಿಸುತ್ತ ಮಧ್ಯಾಹ್ನ ಶಾಲೆಗೆ ಮರಳಿದಾಗ ಅವರ ಮುಖ ನೋಡಲಾರದೆ ನಾಜಿಮಾ ಟೀಚರೇ ಒಂದು ಉಪಾಯ ಹೇಳಿದರು.

"ಸರ, ನಮಗ್ಯಾಕ ಹೇಳಬೇಕ್ರಿ? ಅವರನ್ನಽ ಕರಸ್ರಿ. ತಮ್ಮ ನಂಬರ ತಾವಽ ಒತ್ತಿ ಹೋಗಲಿ."

ಇದು ಊರಿಗೆ ಒಪ್ಪಿಗೆಯಾಯಿತು. ಒಪ್ಪಿಗೆಯಾದದ್ದಷ್ಟೇ ಅಲ್ಲ, ಭರಮು ಅದರ ಪೂರ್ತಿ ಜವಾಬ್ದಾರಿ ಹೊತ್ತುಕೊಂಡ. ಎಷ್ಟೋ ಚುನಾವಣೆಯಲ್ಲಿ ಏಜೆಂಟನಾಗಿ ಕೂತವನು ಅವನು. ಕಂಪ್ಯೂಟರಿನ ಸುತ್ತ ರಟ್ಟು ನಿಲ್ಲಿಸಿ ಮೇಲೆ ಚಾದರ ಹೊದಿಸಿದ, ಹೆಂಗಸರಿಗೆ ಗಂಡಸರಿಗೆ ಬೇರೆ ಬೇರೆ ಸಾಲು ಮಾಡಿದ, ಒಬ್ಬರು ಹೊರಬಂದ ಮೇಲೆ ಇನ್ನೊಬ್ಬರನ್ನು ಬಿಟ್ಟ. ಪಾರಿಸ ಮಾಸ್ತರರು ಒಳಗೆ ಇಣುಕಲು ಹೋದಾಗ, "ಸರ, ಗುಪ್ತ ಐತಿ, ಹಿಂದ ಸರೀರಿ" ಎಂದು ಅವರ ಕೋಣೆಯಿಂದ ಅವರನ್ನೇ ಹೊರಹಾಕಿದ. ಮುದುಕನೊಬ್ಬ ಒತ್ತಿ ಬಂದು ಮಸಿ ಹಚ್ಚಿಸಿಕೊಳ್ಳಲು ಬೆರಳು ಚಾಚಿ ನಿಂತೇ ಇದ್ದ. ಕೊನೆಗೆ ಹೆಡ್‌ಮಾಸ್ತರರು ಹಾಜರಿ ಹಾಕುವ ಪೆನ್ನಿನಿಂದ ಚುಕ್ಕಿ ಇಟ್ಟು ಕಳಿಸಿದರು.

ಎಲ್ಲರಿಗಿಂತ ತಡ ಮಾಡಿದವಳು ಸುಂದ್ರವ್ವ. ಒಳಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ನೀಲಮ ಹೋಗಿ ನೋಡಿದರೆ, ಅಜ್ಜಿ ಕಂಪ್ಯೂಟರಿನ ಪರದೆಗೇ ಸೆರಗು ಮುಚ್ಚಿ ನಂಬರು ಒತ್ತುತ್ತಿದ್ದಳು. "ಈ ಡಬ್ಬಿನೂ ನೋಡಬಾರದಲ್ಲ" ಎಂಬುದು ಅವಳ ವಾದ.

ಅಂತೂ ಐದಕ್ಕೆ ಇನ್ನೂ ಸ್ವಲ್ಪ ಹೊತ್ತಿರುವಾಗಲೇ ಕೊನೆಯ ಮಗುವಿನ ಹೆಸರಿನ ಮುಂದೆ ಹಸಿರು ಗುರುತು ಬಿತ್ತು. ಹೆಡ್‌ಮಾಸ್ತರರು ಸಾಹೇಬರಿಗೆ ಸುದ್ದಿ ಮುಟ್ಟಿಸಲು ತಮ್ಮ ಕೋಣೆಗೆ ಓಡಿದರು. ಪಾಲಕರು ಜಾತ್ರೆ ಮುಗಿದವರ ಹಾಗೆ ಬೆಂಚುಗಳ ಮೇಲೆ ಹರಡಿ ಕೂತರು. ಪಾರಿಸ ಮಾಸ್ತರರು ಕಂಪ್ಯೂಟರ್ ಕೋಣೆಯ ಕೀಲಿಯನ್ನು ಕೊರಳಿನಿಂದ ತೆಗೆದು ನಾಜಿಮಾ ಟೀಚರಿಗೆ ಕೊಡಲೆಂದು ಒರೆಸತೊಡಗಿದರು. ಇಷ್ಟು ಹಗುರವಾಗಿ ಅವರು ಉಸಿರಾಡಿ ವರ್ಷಗಳೇ ಆಗಿದ್ದವು.

ಆಗ ಅವರ ಫೋನು ರಿಂಗಾಯಿತು. ಗುರುತಿಲ್ಲದ ನಂಬರು. ಅವರ ಫೋನಿನ ಕಿವಿ ಕೆಟ್ಟಿದ್ದರಿಂದ ಎಲ್ಲ ಮಾತೂ ಸ್ಪೀಕರಿನಲ್ಲೇ ಆಗಬೇಕು.

"ಪಾರಿಸ ಮಾಸ್ತರೇನು? ಆಫೀಸಿಂದ ಮಾತಾಡಾಕತ್ತೀನಿ. ನಿಮ್ಮ ಫೋನಿಗೆ ಈಗ ಒಂದ ಓಟಿಪಿ ಬಂತಲ್ಲ, ಲಗೂ ಹೇಳ್ರಿ. ಐದಕ್ಕ ಸೈಟ ಬಂದ್ ಆಗತೈತಿ, ಟೈಮ ಇಲ್ಲ!"

ಸುಂದ್ರವ್ವ, ಭರಮು, ನೀಲಮ, ಎಲ್ಲರ ಕಣ್ಣೂ ಮಾಸ್ತರರ ಮೇಲೆ. ಇಡೀ ದಿನ ಊರು ತಮ್ಮನ್ನು ಕಾಡಿದ್ದು ಯಾವ ಮಾತಿಗಾಗಿ ಎಂದು ಅವರಿಗೆ ನೆನಪಾಯಿತು. ಮೈಯಲ್ಲಿ ಹೋದ ವಾರದ ಚಪ್ಪಾಳೆ ಮತ್ತೆ ಏರಿತು.

"ಯಾವ ಆಫೀಸಲೇ?" ಎಂದು ಗರ್ಜಿಸಿದರು. "ಗಡಿಬಿಡಿ ಮಾಡಿದ್ರ ಹೇಳತೀನಿ ಅಂತ ತಿಳದಿಯೇನ? ಈ ಊರಾಗ ಮುದುಕ್ಯಾರೂ ಹೇಳಂಗಿಲ್ಲ!"

"ರೀ, ನಾನು ಸಾಹೇಬ್ರಿ!"

"ನೀ ಸಾಹೇಬ ಆದ್ರ ನಾ ಮಂತ್ರಿ!"

ಕೋಣೆ ಚಪ್ಪಾಳೆಯಿಂದ ತುಂಬಿತು. ಸುಂದ್ರವ್ವ ಫೋನು ಕಸಿದುಕೊಂಡು ಬೆಳಿಗ್ಗೆ ಅರ್ಧಕ್ಕೆ ಬಿಟ್ಟಿದ್ದ ಬೈಗುಳವನ್ನು ಪೂರ್ತಿ ಮಾಡಿದಳು. ಆ ಕಡೆಯವರು ಫೋನಿಟ್ಟರು.

ಭರಮು ಮಾಸ್ತರರನ್ನು ಎತ್ತಿ ಕುಣಿಸುವುದೊಂದು ಬಾಕಿ. ಅಷ್ಟರಲ್ಲಿ ಹೆಡ್‌ಮಾಸ್ತರರು ಏದುಸಿರು ಬಿಡುತ್ತ ಬಂದರು.

"ಏನ ಮಾಡಿದ್ರಿ ಪಾರಿಸ! ಖರೇ ಸಾಹೇಬರ ಇದ್ರು. ತಮ್ಮ ಫೋನ ಬಂದ್ ಬಿದ್ದಿತ್ತಂತ, ಕ್ಲಾರ್ಕನ ಫೋನಿಂದ ಮಾಡ್ಯಾರ. ನಿಮ್ಮ ಹೆಸರ ತಗದು ನಾಜಿಮಾ ಟೀಚರ ಹೆಸರ ಹಾಕಿ ಕೂತಿದ್ರು. ನಿಮ್ಮ ಒಪ್ಪಿಗಿ ನಂಬರ ಒಂದಽ ಬೇಕಾಗಿತ್ತು!"

"ಈಗ ಹೇಳತೀನಲ್ರಿ!"

"ಐದ ಆತು, ಬಂದ್ ಆತು. ಹೆಸರ ಬದಲಿ ಇನ್ನ ಬರೂ ವರ್ಷ."

ಮಾಸ್ತರರು ಬೆಂಚು ಹಿಡಿದುಕೊಂಡು ಕೂತರು. "ಸಾಹೇಬರು ಭಾಳ ಸಿಟ್ಟಾಗ್ಯಾರೇನ್ರಿ?"

"ಸಿಟ್ಟಾಗಿದ್ರ ಚಲೋ ಇತ್ತು. ಖುಷಿ ಆಗ್ಯಾರ! ಇಂಥಾ ಹುಷಾರ ಮನಷ್ಯಾನ್ನ ಬಿಡಬಾರದು, ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಐದೂ ತಾಲೂಕಿನ ಸುರಕ್ಷತಾ ಚಾರ್ಜ ಇವರಿಗೇ ಅಂದ್ರು. ಸೋಮವಾರ ಅಥಣಿಯೊಳಗ ನಿಮ್ಮ ಭಾಷಣ ಐತಿ."

ಜನ ಮತ್ತೊಮ್ಮೆ ಚಪ್ಪಾಳೆ ತಟ್ಟಿದರು. ಪಾರಿಸ ಮಾಸ್ತರರು ಫೋನು ತೆರೆದು ನೋಡಿದರು. ನಂಬರು ಅಲ್ಲೇ ಇತ್ತು. ಅವರು ಬೆಂಚಿನ ಮೇಲೆ ಹತ್ತಿ ನಿಂತು, ಹೊರಗಿನ ರಸ್ತೆಗೂ ಕೇಳಿಸುವಂತೆ, "ಏಳು! ಸೊನ್ನೆ! ಮೂರು! ಮೂರು! ಒಂಬತ್ತು! ಎರಡು!" ಎಂದು ಒಂದೊಂದಾಗಿ ಕೂಗಿ ಹೇಳಿದರು.

ಸುಂದ್ರವ್ವ ಗಾಬರಿಯಾಗಿ ಎರಡೂ ಕಿವಿ ಮುಚ್ಚಿಕೊಂಡಳು.