ಮೊಣಕೈ ಕಾಲಂ

ರಸ್ತೆ, ಹೊಗೆ, ಅಪಘಾತ ಇವುಗಳ ಖರ್ಚು-ಲಾಭ ಅಳೆಯೋ ಸಂಶೋಧನಾ ಸಂಸ್ಥೆಯೊಂದರಲ್ಲಿ ನಾನು ಸರ್ವೆ ಮಾಡುವವನು. ಅಳೆಯುವವರು ಫ್ಯಾನ್ ಕೆಳಗಿರ್ತಾರೆ, ಬೀದಿಯಲ್ಲಿ ನಿಲ್ಲೋನು ನಾನು. ಹಾಗಾಗಿ ಆಗೋದೆಲ್ಲ ನನಗೇ ಆಗುತ್ತೆ. ಬೈಕಿನ ಸದ್ದು ಕೇಳಿಯೇ ಯಾರ ಮನೇದು ಅಂತ ಹೇಳ್ತಿದ್ದವನು ನಮ್ಮೂರಲ್ಲಿ ನಾನೊಬ್ಬನೇ. ಆದರೂ ನಮ್ಮ ತಂಡ ನಡೆಸೋ ಮೇಡಂ, “ಈ ಸಲದ ಸರ್ವೆ ವರದಿ ಒಪ್ಪಿಗೆಯಾದ್ರೆ ಮಾತ್ರ ನಿಮ್ಮ ಕೆಲಸ ಕಾಯಂ” ಅಂದಿದ್ದರು.

೧

ಕಲಾಸಿಪಾಳ್ಯದ ತರಕಾರಿ ಮಂಡಿ ಯಜಮಾನರನ್ನ ಕೇಳಿದೆ: “ಗಾಳಿ ಶುದ್ಧ ಆಗುತ್ತೆ ಅಂದ್ರೆ ಎಷ್ಟು ದುಡ್ಡು ಕೊಡ್ತೀರಿ?”

“ನಿಮ್ಮ ರೇಟ್ ಹೇಳಿ ಮೊದ್ಲು.”

“ನಾನು ಹೇಳಂಗಿಲ್ಲ, ನೀವೇ ಹೇಳ್ಬೇಕು.”

“ಮಾಲು ಯಾವಾಗ ಬರುತ್ತೆ?”

“ಇಪ್ಪತ್ತು ವರ್ಷ ಆಗ್ಬೋದು.”

“ಬರ್ಲಿ. ಇಳಿಸಿದ್ಮೇಲೆ ನೋಡೋಣ.”

೨

ಮುಂದೆ ಶಂಕರಪುರಂ ತಿರುವಿನಲ್ಲಿ ಹೆಲ್ಮೆಟ್ ಎಣಿಸೋ ಕೆಲಸ. ಫಾರಂನಲ್ಲಿ ಎರಡೇ ಕಾಲಂ: ಹಾಕಿದ್ದಾರೆ, ಹಾಕಿಲ್ಲ. ಮೊಣಕೈಗೆ ನೇತುಹಾಕ್ಕೊಂಡು ಬರೋರನ್ನ ಎಲ್ಲಿ ಬರೀಬೇಕು ಅನ್ನೋದು ಡಾಕ್ಟರೇಟ್ ಮಾಡಿದ ಯಾರಿಗೂ ಹೊಳೆದಿರಲಿಲ್ಲ. ನಾನೇ ಸ್ಕೇಲಿಟ್ಟು ಗೆರೆ ಎಳೆದು ‘ಮೊಣಕೈ’ ಅಂತ ಮೂರನೇ ಕಾಲಂ ಮಾಡಿದೆ.

ಮೂರು ದಿನ ಎಣಿಸಿದೆ. ಎಲ್ಲರ ತಲೆ ಮೇಲೂ ಹೆಲ್ಮೆಟ್. ನನ್ನ ಕಾಲಂ ಖಾಲಿ. “ಇದು ಬೆಂಗಳೂರೇನ್ರೀ?” ಅಂತ ಮೇಡಂ ಖುದ್ದು ನೋಡೋಕೆ ಬಂದರು. ನಾನು ಬಿಳಿ ಶರ್ಟು, ಖಾಕಿ ಪ್ಯಾಂಟು ಹಾಕಿ, ಪ್ಯಾಡ್ ಹಿಡಿದು ನಿಂತಿದ್ದೆ. ಒನ್‌ವೇಯಲ್ಲಿ ಎದುರಿಂದ ಬಂದ ಒಬ್ಬ ಸವಾರ ಗಾಡಿ ನಿಲ್ಲಿಸಿ, “ಸರ್, ಇದೊಂದ್ಸಲ ಬಿಟ್ಬಿಡಿ” ಅಂದ. ಬಿಟ್ಟೆ.

“ನೋಡಿ ಮೇಡಂ, ನಾನೊಬ್ಬ ನಿಂತ್ರೆ ಸಾಕು, ಇಡೀ ರಸ್ತೆ ಸುರಕ್ಷಿತ” ಅಂದೆ.

“ನಾವು ಬಂದಿರೋದು ಸುರಕ್ಷತೆ ಅಳೆಯೋಕೆ ಕಣ್ರೀ, ಮಾಡೋಕಲ್ಲ.”

೩

ಅದಕ್ಕೇ ಅದೇ ತಿರುವಿನ ತಾತ ಒಬ್ಬರ ಬಾಲ್ಕನಿಯಲ್ಲಿ ಕ್ಯಾಮೆರಾ ಇಟ್ಟರು. ದಿನಾ ಒಂಬತ್ತಕ್ಕೆ ಮತ್ತಿಕೆರೆ ಮನೆಯಿಂದ ಬಂದು ಅದರ ಮೆಮೊರಿ ಕಾರ್ಡ್ ಬದಲಾಯಿಸೋದಷ್ಟೇ ನನ್ನ ಪಾಲಿಗೆ ಉಳಿದ ಕೆಲಸ.

ವರದಿ ಒಪ್ಪಿಸೋ ದಿನ ದೊಡ್ಡ ದೊಡ್ಡ ಸರ್‌ಗಳು ಬಂದರು. ಬಾಲ್ಕನಿ ಕೊಟ್ಟ ತಾತನೂ ಬಂದು ಮುಂದಿನ ಸಾಲಲ್ಲೇ ಕೂತರು. ಪರದೆ ಮೇಲೆ ದಿನಾ ಒಂಬತ್ತಕ್ಕೆ ಅದೇ ಒಬ್ಬ ಸವಾರ, ಒನ್‌ವೇಯಲ್ಲಿ ಎದುರಿಂದ, ಮೊಣಕೈಯಲ್ಲಿ ಹೆಲ್ಮೆಟ್.

ಹಿರಿಯ ಸರ್ ಮುಂದಕ್ಕೆ ಬಾಗಿ, “ಇಂಥವರು ತಲೆಗೆ ಯಾಕೆ ಹಾಕಲ್ಲ ಅನ್ನೋದೇ ನಮ್ಮ ಪ್ರಶ್ನೆ. ಈತನ್ನ ಹುಡುಕೋಕಾಗುತ್ತಾ?” ಅಂದರು.

ಮೇಡಂ ನನ್ನ ಕಡೆ ನೋಡಿದರು. ನಾನು ಗೋಡೆ ನೋಡಿದೆ.

“ಹುಡುಕೋದ್ಯಾಕೆ?” ಅಂದರು ತಾತ. “ಅಗೋ, ಬಿಸ್ಕತ್ ತಿಂತಾ ಇದಾನಲ್ಲ.”

ಸರ್ ನನ್ನತ್ತ ತಿರುಗಿದರು. “ಯಾಕಪ್ಪಾ ಹಾಕಲ್ಲ?”

“ಸರ್, ಆ ತಿರುವಿನಲ್ಲಿ ಜನ ಹೆದರ್ತಿದ್ದಿದ್ದು ನನಗೆ. ನಾನು ಬರೋವಾಗ ಅಲ್ಲಿ ನಾನಿನ್ನೂ ಬಂದಿರಲಿಲ್ಲ.”

ಸರ್ ಅದನ್ನ ಹಾಗೇ ಬರ್ಕೊಂಡರು. ವರದಿ ಒಪ್ಪಿಗೆಯಾಯ್ತು, ನಾನು ಕಾಯಂ ಆದೆ. ಆರ್ಡರಿನಲ್ಲಿ ಬೇರೆ ಯಾರಿಗೂ ಇಲ್ಲದ ಷರತ್ತು ನನಗೊಬ್ಬನಿಗೇ ಇದೆ: ಆಫೀಸಿಗೆ ಬಸ್ಸಲ್ಲೇ ಬರತಕ್ಕದ್ದು.